ಡೈನೋಸಾರಿಗೆ ನಾನು ದನಿ ಕೊಟ್ಟದ್ದು

ನನ್ನ ದನಿ ಚೆನ್ನಾಗಿದೆಯೆಂದು ಮೊದಲು ಹೇಳಿದವರು ಯಾರೋ ಈಗ ನೆನಪಿಲ್ಲ. ಆ ಮಾತನ್ನು ನಾನು ತಕ್ಷಣ ನಂಬಿಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ. ಹೊಗಳಿಕೆಯ ವಿಷಯದಲ್ಲಿ ನಾನು ಸಾಕ್ಷಿ ಪುರಾವೆ ಕೇಳುವವನಲ್ಲ. ತಮಿಳುನಾಡಿನ ಗಡಿಯ ಹೊಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಅಷ್ಟೂ ವರ್ಷ ಸ್ವಾಗತ ಭಾಷಣ ನನ್ನದೇ, ವಂದನಾರ್ಪಣೆಯೂ ನನ್ನದೇ. ನಡುವೆ ಮುಖ್ಯ ಅತಿಥಿಗಳು ಏನೋ ಹೇಳುತ್ತಿದ್ದರು. ಊರಿನ ಮದುವೆಗಳಲ್ಲಿ ಮೈಕು ಕಂಡರೆ ನನ್ನ ಗಂಟಲು ತಾನಾಗಿಯೇ ಸರಿಹೋಗುತ್ತಿತ್ತು. ಮನೆಯಲ್ಲಿ ಹಳಗನ್ನಡದ ಪದ್ಯವೊಂದನ್ನು ಗಟ್ಟಿಯಾಗಿ ಓದಿದರೆ ಬೀದಿಯಲ್ಲಿ ಹೋಗುತ್ತಿದ್ದ ತರಕಾರಿಯವಳು ಕೂಡ ನಿಂತು ಕೇಳುತ್ತಿದ್ದಳು. ಆಕೆ ಕಾಯುತ್ತಿದ್ದುದು ನನ್ನ ಹೆಂಡತಿಯನ್ನು ಎಂದು ಬಹಳ ದಿನದ ಮೇಲೆ ತಿಳಿಯಿತು.

ಮನುಷ್ಯನಿಗೆ ತನ್ನ ಮುಖ ನೋಡಿಕೊಳ್ಳಲು ಕನ್ನಡಿಯಿದೆ. ದನಿಗೆ ಅಂಥದ್ದೇನೂ ಇಲ್ಲ. ನಮ್ಮ ದನಿ ನಮಗೆ ಒಳಗಿನಿಂದ ಕೇಳುತ್ತದೆ, ಲೋಕಕ್ಕೆ ಹೊರಗಿನಿಂದ ಕೇಳುತ್ತದೆ. ಎರಡೂ ಒಂದೇ ಎಂದು ನಾವು ಅಂದುಕೊಂಡಿರುತ್ತೇವೆ. ನಾನೂ ನಲವತ್ತೈದು ವರ್ಷ ಹಾಗೆಯೇ ಅಂದುಕೊಂಡಿದ್ದೆ, ಒಂದು ಡೈನೋಸಾರು ಬಂದು ಹೇಳುವ ತನಕ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೊಸೂರಿಗೆ ಕಾರ್ಖಾನೆಗಳು ಬಂದು, ಅವುಗಳ ಹಿಂದೆ ತುಮಕೂರು, ಮಂಡ್ಯ, ಕೋಲಾರದ ಕಡೆಯ ಹುಡುಗರು ಬಂದು, ಬೆಳಗ್ಗೆ ಏಳು ಗಂಟೆಗೆ ರಸ್ತೆಯ ತುಂಬ ಟಿಫನ್ ಕ್ಯಾರಿಯರುಗಳು ಕಾಣತೊಡಗಿದ್ದವು. ನಮ್ಮದು ಬೆಟ್ಟದ ಕಡೆಯ ಬೀದಿಯಲ್ಲಿ ಮುತ್ತಜ್ಜನ ಕಾಲದ ಮಣ್ಣುಗೋಡೆಯ ಮನೆ. ಅದರ ಹಿಂದಿನ ಪೋರ್ಷನ್ನಿನಲ್ಲಿ ಶ್ರೀಕಂಠ ಎಂಬಾತ ಇದ್ದ. ತುಮಕೂರಿನ ಕಡೆಯವನು, ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಇನ್ನೂ ಮದುವೆಯಾಗಿರಲಿಲ್ಲ. ಯಾವ ಯಂತ್ರ ಕಂಡರೂ ಅದರ ಹೊಟ್ಟೆ ಬಿಚ್ಚಿ ನೋಡದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ಮನೆಯ ಗೋಡೆ ಗಡಿಯಾರವನ್ನು ಹೀಗೆ ಬಿಚ್ಚಿ ನೋಡಿದ ಮೇಲೆ ಅದು ಇಡೀ ಹೊಸೂರಿಗಿಂತ ಹತ್ತು ನಿಮಿಷ ಮುಂದೆ ಓಡುತ್ತಿತ್ತು.

ಇಂಗ್ಲೆಂಡಿನಲ್ಲಿದ್ದ ಅವನ ಭಾವ ಒಂದು ಸಲ ಊರಿಗೆ ಬಂದಾಗ ಅವನಿಗೊಂದು ಕಂಪ್ಯೂಟರ್ ತಂದುಕೊಟ್ಟರು. ಕಂಪ್ಯೂಟರ್ ಎಂದರೆ ಒಂದು ಕೋಣೆಯಷ್ಟು ದೊಡ್ಡದು, ಅದಕ್ಕೆ ತಣ್ಣನೆ ಗಾಳಿ ಬೇಕು, ಒಳಗೆ ಹೋಗುವವರು ಚಪ್ಪಲಿ ಬಿಟ್ಟು ಹೋಗಬೇಕು ಎಂದೆಲ್ಲ ಕೇಳಿ ಅದಕ್ಕೊಂದು ಗರ್ಭಗುಡಿಯ ಗೌರವ ಕೊಟ್ಟಿದ್ದ ನಮಗೆ, ಅವನು ಕಂಕುಳಲ್ಲಿ ಇಟ್ಟುಕೊಂಡು ತಂದ ಆ ಕಪ್ಪು ಹಲಗೆಯನ್ನು ನೋಡಿ ನಿರಾಸೆಯಾಯಿತು. ಮಗ್ಗಿ ಪುಸ್ತಕಕ್ಕಿಂತ ತುಸು ದಪ್ಪ. ಮೇಲೆ ರಬ್ಬರಿನ ಗುಂಡಿಗಳು. ಅದಕ್ಕೆ ಮುಖವೇ ಇಲ್ಲ. ಮುಖ ಬೇಕಾದರೆ ನಮ್ಮ ಟಿ.ವಿ.ಗೆ ಸೇರಿಸಬೇಕು, ನೆನಪು ಬೇಕಾದರೆ ಟೇಪ್ ರೆಕಾರ್ಡರಿಗೆ ಸೇರಿಸಬೇಕು. ಶ್ರೀಕಂಠನಿಗೆ ಟಿ.ವಿ. ಇರಲಿಲ್ಲವಾದ್ದರಿಂದ ಈ ಜೋಡಣೆಯೆಲ್ಲ ನಮ್ಮ ನಡುಮನೆಯಲ್ಲೇ ನಡೆಯುತ್ತಿತ್ತು.

ಅದರ ಜೊತೆ ಬಂದಿದ್ದು ಮಕ್ಕಳಿಗೆ ಡೈನೋಸಾರುಗಳ ವಿಷಯ ಕಲಿಸುವ ಒಂದು ಪ್ರೋಗ್ರಾಮು. ಒಂದು ಕ್ಯಾಸೆಟ್ಟು ಕಂಪ್ಯೂಟರಿಗೆ, ಇನ್ನೊಂದು ಮನುಷ್ಯರಿಗೆ, ಮತ್ತೆ ಬಣ್ಣದ ಚಿತ್ರಗಳ ಒಂದು ಪುಸ್ತಕ. ಕಂಪ್ಯೂಟರಿನ ಕ್ಯಾಸೆಟ್ಟು ಐದು ನಿಮಿಷ ಕಿರ್ರೋ ಎಂದು ಕಿರುಚುತ್ತಿತ್ತು. ಮೊದಲ ದಿನ ನನ್ನ ಹೆಂಡತಿ ಸರಸು ಅಡುಗೆಮನೆಯಿಂದ ಓಡಿಬಂದು, "ಅದಕ್ಕೇನೋ ನೋವಾಗ್ತೈತೆ ಕಣ್ರೀ, ಆಫ್ ಮಾಡಿ" ಎಂದಳು. ಕಿರುಚಾಟ ಮುಗಿದ ಮೇಲೆ ಪರದೆಯ ಮೇಲೆ ಗೆರೆ ಗೆರೆಯಾಗಿ ಒಂದು ಪ್ರಾಣಿ ಮೂಡುತ್ತಿತ್ತು. ಮೊದಲು ಬಾಲ, ಆಮೇಲೆ ಬೆನ್ನು, ಆಮೇಲೆ ಮುಗಿಯದ ಕತ್ತು. ನಡುವೆ ಕರೆಂಟು ಹೋದರೆ ಮತ್ತೆ ಬಾಲದಿಂದ. ಮನುಷ್ಯರ ಕ್ಯಾಸೆಟ್ಟಿನಲ್ಲಿ ಒಬ್ಬ ಬಿಳಿಯ ಅದರ ವಿಷಯ ಹೇಳುತ್ತಿದ್ದ. ಕೊನೆಯಲ್ಲಿ ಪ್ರಶ್ನೆಗಳು. ತಪ್ಪು ಉತ್ತರ ಒತ್ತಿದರೆ ಪರದೆಯ ಮೂಲೆಯಿಂದ ದೊಡ್ಡ ಹಲ್ಲಿನ ಟೈರನೋಸಾರಸ್ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಆರು ತಪ್ಪಿಗೆ ಅದರ ಬಾಯಿ ಪರದೆ ತುಂಬ.

ನಾನು ದಂಗಾದದ್ದು ಹಲ್ಲು ನೋಡಿ ಅಲ್ಲ, ಲೆಕ್ಕ ಕೇಳಿ. ಆರೂವರೆ ಕೋಟಿ ವರ್ಷ! ನನ್ನ ಪಾಲಿಗೆ ಹಳತು ಎಂದರೆ ಹಲ್ಮಿಡಿ ಶಾಸನ. ಅದಕ್ಕಿಂತ ಹಿಂದೆ ಏನೋ ಒಂದಿಷ್ಟು ಮಂಜು, ಅದರಾಚೆ ದೇವರು. ಈಗ ನೋಡಿದರೆ ಆ ಮಂಜಿನೊಳಗೆ ಮನೆಗಿಂತ ಎತ್ತರದ ಪ್ರಾಣಿಗಳು ಕೋಟ್ಯಂತರ ವರ್ಷ ಓಡಾಡಿ, ಒಂದು ಸಾಲನ್ನೂ ಬರೆದಿಡದೆ ಹೋಗಿಬಿಟ್ಟಿವೆ. ಎರಡು ದಿನ ನನಗೆ ಊಟ ಸೇರಲಿಲ್ಲ. ಡೈನೋಸಾರ್ ಎಂದರೆ ಗ್ರೀಕ್ ಭಾಷೆಯಲ್ಲಿ 'ಭಯಂಕರ ಹಲ್ಲಿ' ಎಂದು ಶ್ರೀಕಂಠ ಹೇಳಿದಾಗ ಸರಸು ಪಂಚಾಂಗ ತಂದಳು. ಹಲ್ಲಿ ತಲೆಯ ಮೇಲೆ ಬಿದ್ದರೆ ಕಲಹ, ಭುಜದ ಮೇಲೆ ಬಿದ್ದರೆ ಜಯ, ಹೀಗೆ ಒಂದು ಪುಟದ ತುಂಬ ಫಲಗಳಿದ್ದವು. ಈ ಹಲ್ಲಿ ಬಿದ್ದರೆ ಏನು ಫಲ ಎಂದು ಹುಡುಕಿದೆವು. ತಲೆಯೂ ಭುಜವೂ ಉಳಿಯದ ಮೇಲೆ ಫಲ ಯಾರಿಗೆ ಎಂದು ಪಂಚಾಂಗದವರು ಬಿಟ್ಟಿರಬೇಕು.

ನಮ್ಮ ಮಗಳು ವನಜಳಿಗೆ ಆಗ ಹತ್ತು ವರ್ಷ. ಅವಳು ಮಾತ್ರ ಆ ಪುಸ್ತಕವನ್ನು ಹಿಡಿದವಳು ಕೆಳಗಿಡಲಿಲ್ಲ. ಗೊತ್ತಾಗದ ಇಂಗ್ಲಿಷ್ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಸಂಜೆ ಶ್ರೀಕಂಠ ಕಾರ್ಖಾನೆಯಿಂದ ಬಂದ ಕೂಡಲೇ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಇಷ್ಟು ಪ್ರಶ್ನೆಗಳು ಹುಟ್ಟುತ್ತವೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಹತ್ತಿರ ಅವಳು ಒಂದನ್ನೂ ಕೇಳುತ್ತಿರಲಿಲ್ಲ. ಅಪ್ಪ ಮೇಷ್ಟ್ರಾದ್ದರಿಂದ ಎಲ್ಲ ಗೊತ್ತಿರುವ ಮಗು ಎಂದು ನಾನು ತಿಳಿದಿದ್ದೆ.

ಒಂದು ದಿನ ಶ್ರೀಕಂಠ ಬಂದು, "ಸಾರ್, ಆ ಇಂಗ್ಲೆಂಡ್‌ನವನ ಮಾತು ನಮ್ ಮಕ್ಕಳಿಗೆ ಅರ್ಥ ಆಗಲ್ಲ. ಬಾಯಿ ತುಂಬ ಎಲೆಯಡಿಕೆ ಹಾಕ್ಕೊಂಡು ಮಾತಾಡ್ದಂಗಿದೆ. ಇದನ್ನ ಕನ್ನಡದಲ್ಲಿ ಮಾಡಿ ಸ್ಕೂಲುಗಳಲ್ಲಿ ತೋರಿಸಿದ್ರೆ ಹೆಂಗೆ? ನಿಮ್ಮ ವಾಯ್ಸ್ ಬೇಕು" ಎಂದ.

"ಅಯ್ಯೋ, ನನ್ನದೇನಪ್ಪ ದನಿ" ಎಂದೆ. ಹಾಗೆನ್ನುವ ಮೊದಲೇ ಗಂಟಲು ಸರಿಮಾಡಿಕೊಂಡಾಗಿತ್ತು.

ಪಾಠವನ್ನು ನಾನೇ ಬರೆದೆ. ಇಂಗ್ಲಿಷಿನದು ತೀರ ಒಣಕಲು ಎನಿಸಿದ್ದರಿಂದ ಅಲ್ಲಲ್ಲಿ ಸ್ವಲ್ಪ ಸಾಹಿತ್ಯ ಸೇರಿಸಿದೆ. ಅವರು 'ಈ ಪ್ರಾಣಿ ಮರದ ಎಲೆ ತಿನ್ನುತ್ತಿತ್ತು' ಎಂದು ಬರೆದಿದ್ದರೆ ನಾನು 'ಹಚ್ಚಹಸಿರಿನ ಹುಲ್ಲುಗಾವಲಿನಲ್ಲಿ ಗಜಗಮನದಿಂದ ಮೇಯುತ್ತಿತ್ತು' ಎಂದು ಬರೆದೆ. ಗಜ ಹುಟ್ಟುವುದಕ್ಕೆ ಇನ್ನೂ ಕೋಟ್ಯಂತರ ವರ್ಷ ಇತ್ತಲ್ಲ ಎಂಬುದು ಹೊಳೆಯಲಿಲ್ಲ.

ಆದರೆ ಮೂಲದಲ್ಲಿ ಒಂದು ಕೊರತೆಯಿತ್ತು. ಟೈರನೋಸಾರಸ್ ಬಾಯಿ ತೆರೆಯುತ್ತಿತ್ತು, ಸದ್ದಿರಲಿಲ್ಲ. "ನಮ್ ಹುಡುಗ್ರು ಇದನ್ನ ನಂಬಲ್ಲ ಸಾರ್. ಒಂದು ಘರ್ಜನೆ ಬೇಕೇಬೇಕು" ಎಂದು ಶ್ರೀಕಂಠ ಹಟ ಹಿಡಿದ. ಘರ್ಜನೆ ಹುಡುಕಿಕೊಂಡು ನಾವಿಬ್ಬರೂ ಅವನ ಸ್ಕೂಟರಿನಲ್ಲಿ ಕೆಲಮಂಗಲದ ಸಂತೆಗೆ ಹೋದೆವು. ಅಲ್ಲಿ ಒಂದು ಬೆಟ್ಟದಂಥ ಹೋರಿಯ ಮೂತಿಗೆ ಸಣ್ಣ ಟೇಪ್ ರೆಕಾರ್ಡರ್ ಹಿಡಿದು ಎರಡು ಗಂಟೆ ನಿಂತೆವು. ಅದು ಮೆಲುಕು ಹಾಕುತ್ತ ನಮ್ಮನ್ನು ನೋಡಿತು. ಕೊನೆಗೆ ಅದರ ಯಜಮಾನ, "ಏನ್ ಸಾಮಿ, ಅದ್ರ ತಾವ ಏನ್ ಕೇಳ್ತಾ ಇದ್ದೀರಿ? ಕೊಳ್ಳೋದಾದ್ರೆ ನನ್ ಕೇಳಿ" ಎಂದ. ವಿಷಯ ಹೇಳಿದೆವು. ಅವನು ಪಕ್ಕದವನಿಗೆ, "ನೋಡ್ಲಾ, ಓದ್ದೋರು ಹೋರಿ ಕೈಲಿ ಭಾಷಣ ಮಾಡುಸ್ತಾರಂತೆ" ಎಂದು ನಕ್ಕ. ಆ ನಗು ಮಾತ್ರ ಟೇಪಿನಲ್ಲಿ ಚೆನ್ನಾಗಿ ಬಂದಿತ್ತು. ಬರಿಗೈಲಿ ಹಿಂತಿರುಗಿದೆವು.

ಮುಂದಿನ ಭಾನುವಾರ ನನ್ನ ಮಾತಿನ ರೆಕಾರ್ಡಿಂಗು. ನಮ್ಮ ಮನೆಯ ಒಳಕೋಣೆಯ ಗೋಡೆ ಮೊಳದಪ್ಪ. ಕಿಟಕಿಗೆ ರಜಾಯಿ ಇಳಿಬಿಟ್ಟೆವು. ಸರಸುಗೆ ಒರಳುಕಲ್ಲು ಮುಟ್ಟಬಾರದೆಂದು, ವನಜಳಿಗೆ ಉಸಿರಾಡಿದರೂ ಮೆತ್ತಗೆ ಆಡಬೇಕೆಂದು ಅಪ್ಪಣೆಯಾಯಿತು. ದೊಡ್ಡ ರೆಕಾರ್ಡರಿನ ಜೊತೆ, ಅದು ಕೈಕೊಟ್ಟರೆ ಇರಲಿ ಎಂದು ಆ ಸಣ್ಣದನ್ನೂ ಶ್ರೀಕಂಠ ಚಾಲೂ ಮಾಡಿಟ್ಟ. ನಾನು ಓದಿದೆ. ನಡುವೆ ವನಜ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಏನೋ ಒಂದು ಮಾತು ಗದರಿದೆ, ಅವಳು ಹೋದಳು, ಬಿಟ್ಟಲ್ಲಿಂದ ಮತ್ತೆ ಓದಿದೆ. ಆ ದಿನದ ಬಗ್ಗೆ ನನ್ನ ನೆನಪಿನಲ್ಲಿ ಉಳಿದಿದ್ದು ಅಷ್ಟೇ.

ಹದಿನೈದು ದಿನ ಕಳೆದು ಶ್ರೀಕಂಠ ಉತ್ಸಾಹದಿಂದ ಬಂದು, "ಘರ್ಜನೆ ಸಿಕ್ತು ಸಾರ್" ಎಂದ. ಸಣ್ಣ ರೆಕಾರ್ಡರಿನ ಗುಂಡಿ ಒತ್ತಿದ. ನನ್ನ ಜನ್ಮದಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಪಾತಾಳದಿಂದ ಯಾವುದೋ ಹಸಿದ ಪ್ರಾಣಿ ಕಲ್ಲುಬಂಡೆಗಳನ್ನು ಉರುಳಿಸುತ್ತ ಮೇಲೆ ಬಂದಹಾಗೆ ಗುರ್‍ರನೆ ಎದ್ದು, ನಿಂತು, ಮತ್ತೆ ಎದ್ದು ಬರುತ್ತಿತ್ತು. ಕೈಮೇಲಿನ ಕೂದಲು ನಿಮಿರಿತು. ವನಜ ಎದ್ದು ಹೊರಗೆ ಹೋಗಿಬಿಟ್ಟಳು.

"ಏಯ್, ಅದು ಸತ್ತು ಆರೂವರೆ ಕೋಟಿ ವರ್ಷ ಆಗೈತೆ, ಹೆದರ್ಕೋಬ್ಯಾಡ ಬಾ" ಎಂದು ಕೂಗಿ ನಕ್ಕೆ. "ಎಂಥಾ ಕ್ರೌರ್ಯ ಐತೆ ಕಣ್ರೀ ಇದರಲ್ಲಿ! ಎಲ್ಲಿಂದ ತಂದ್ರಿ?"

ಶ್ರೀಕಂಠ ಕತ್ತು ಕೆರೆದುಕೊಂಡ. "ಇಲ್ಲೇ ಸಾರ್... ಲೋಕಲ್ಲೇ."

ಉದ್ದನಪಲ್ಲಿಯ ಹೊಲಗಳಿಗೆ ಆಗಾಗ ಆನೆ ಇಳಿಯುತ್ತಿದ್ದ ಕಾಲ. ಪಾಪ, ಹುಡುಗ ಜೀವದ ಹಂಗು ತೊರೆದು ಅಲ್ಲಿಗೇ ಹೋಗಿರಬೇಕು ಎಂದುಕೊಂಡು ಅವನ ಬೆನ್ನು ತಟ್ಟಿದೆ.

ನಮ್ಮ ಸ್ಕೂಲಿನ ಹಾಲಿನಲ್ಲೇ ಮೊದಲ ಪ್ರದರ್ಶನ. ನಮ್ಮ ಟಿ.ವಿ.ಯನ್ನು ಹಾಸಿಗೆಯಲ್ಲಿ ಸುತ್ತಿ ತಳ್ಳುಗಾಡಿಯಲ್ಲಿ ತಂದೆವು. ಮುಂದೆ ನೆಲದ ಮೇಲೆ ಮಕ್ಕಳು, ಹಿಂದೆ ಬೆಂಚುಗಳಲ್ಲಿ ತಾಯಿ ತಂದೆಯರು, ಪಕ್ಕದಲ್ಲಿ ಕುರ್ಚಿಯ ಮೇಲೆ ತಮಿಳಿನವರಾದ ನಮ್ಮ ಹೆಡ್‌ಮಾಸ್ಟರು. ಸರಸು, ವನಜ ಮೊದಲ ಸಾಲಿನ ಅಂಚಿನಲ್ಲಿದ್ದರು. ಮಾತಿಗೆ ದೊಡ್ಡ ರೆಕಾರ್ಡರು, ಘರ್ಜನೆಗೆ ಸಣ್ಣದು. ಎರಡನ್ನೂ ಸಮಯ ನೋಡಿ ಶ್ರೀಕಂಠ ಒತ್ತುವುದೆಂದು ಏರ್ಪಾಟು.

ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚೆ ಶ್ರೀಕಂಠ ವೈರು ಸರಿಮಾಡುತ್ತಿದ್ದಾಗ ನಾನೊಂದು ಉಪಕಾರ ಮಾಡಿದೆ. ಸಣ್ಣ ರೆಕಾರ್ಡರಿನ ಹಿಂಭಾಗ ತೆಗೆದು ನೋಡಿದರೆ ಶೆಲ್ಲುಗಳು ಹಳೆಯವು, ಅಂಚಿನಲ್ಲಿ ನೀರೊಡೆದಿತ್ತು. ಇಂಥ ಸಭೆಯಲ್ಲಿ ಡೈನೋಸಾರು ಕ್ಷೀಣ ದನಿಯಲ್ಲಿ ಕೂಗಿದರೆ ಊರಿಗೇ ಅವಮಾನವಲ್ಲವೇ? ಎದುರಿನ ಅಂಗಡಿಗೆ ನಾನೇ ಹೋಗಿ ನಾಲ್ಕು ಹೊಸ ಶೆಲ್ಲು ತಂದು ಹಾಕಿದೆ. ಶ್ರೀಕಂಠನಿಗೆ ಹೇಳಲಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆನ್ನುತ್ತಾರಲ್ಲ.

ಪಾಠ ಸೊಗಸಾಗಿ ನಡೆಯಿತು. ನನ್ನ ದನಿ ಹಾಲಿನ ಮೂಲೆ ಮೂಲೆಗೂ ಜೇನಿನ ಹಾಗೆ ಹರಿಯಿತು. ಗೋಡೆಗೊರಗಿ ಕಣ್ಣು ಅರೆಮುಚ್ಚಿ ನಿಂತು ಕೇಳುತ್ತಿದ್ದೆ. ಕಡೆಗೆ ಪರದೆಯ ಮೇಲೆ ಟೈರನೋಸಾರಸ್ ಬಾಯಿ ತೆರೆಯಿತು. ನನ್ನ ದನಿ ಹೇಳಿತು: "ಇಷ್ಟು ದೊಡ್ಡ ದೇಹಕ್ಕೆ ಇದರ ಮಿದುಳು ಮಾತ್ರ ಚಿಕ್ಕದು. ಮಕ್ಕಳೇ, ಈಗ ಇದರ ಘರ್ಜನೆಯನ್ನು ಕೇಳೋಣ."

ಶ್ರೀಕಂಠ ಗುಂಡಿ ಒತ್ತಿದ.

"ಏಯ್! ಯಾವಳೇ ಬಾಗ್ಲು ತೆಗ್ದಿದ್ದು? ಮನುಷ್ಯಳೇನೇ ನೀನು? ಎಷ್ಟ್ ಸಲ ಬಡ್ಕೋಬೇಕೇ ನಿಂಗೆ? ಕತ್ತೆ! ತಲೇಲಿ ಮಿದುಳೈತಾ, ಇಲ್ಲ ಸಗಣಿ ತುಂಬೈತಾ? ಹೋಗಾಚೆ! ನನ್ ಕಣ್ ಮುಂದೆ ನಿಂತ್ಕೋಬ್ಯಾಡ!"

ಆ ಗಳಿಗೆಯನ್ನು ಹೇಗೆ ಹೇಳಲಿ? ಮೊದಲು ನನಗೆ ಅದು ನಾನೆಂದೇ ತಿಳಿಯಲಿಲ್ಲ. ಯಾರಪ್ಪ ಈ ಅನಾಗರಿಕ, ಹಾಲಿನೊಳಗೆ ಹೇಗೆ ಬಂದ ಎಂದು ಬಾಗಿಲ ಕಡೆ ನೋಡಿದೆ. ಅಷ್ಟರಲ್ಲಿ ಎರಡನೆಯ ಸಾಲಿನಲ್ಲಿದ್ದ ನನ್ನ ಎಂಟನೇ ಕ್ಲಾಸಿನ ಹುಡುಗರು ಕಣ್ಣಿಗೆ ಬಿದ್ದರು. ಯಾರೂ ನಕ್ಕಿರಲಿಲ್ಲ. ಎಲ್ಲರೂ ಒಟ್ಟಿಗೆ, ಯಾರೋ ದಾರ ಎಳೆದ ಹಾಗೆ, ಬೆನ್ನು ನೆಟ್ಟಗೆ ಮಾಡಿ ಕೈಕಟ್ಟಿ ಕುಳಿತಿದ್ದರು. ಆಗ ಗೊತ್ತಾಯಿತು.

ಟೇಪು ಇನ್ನೂ ಓಡುತ್ತಿತ್ತು. ಶ್ರೀಕಂಠ ಗಾಬರಿಯಲ್ಲಿ ಏನೇನೋ ಗುಂಡಿ ಒತ್ತಿ ದೊಡ್ಡದನ್ನು ನಿಲ್ಲಿಸಿದ್ದ, ಸಣ್ಣದನ್ನಲ್ಲ. ಅದರಿಂದ ಒಂದು ಪುಟ್ಟ ದನಿ ಬಂತು. "ಆವಾಗ ಹುಲ್ಲು ಇರ್ಲಿಲ್ಲಂತೆ ಅಣ್ಣ... ಪುಸ್ತಕದಾಗೈತೆ. ಅಷ್ಟ್ ಹೇಳಾಕ್ ಬಂದೆ." ನಮ್ಮ ಕಡೆ ಅಪ್ಪನನ್ನು ಅಣ್ಣ ಎನ್ನುವುದು ರೂಢಿ. ಆಮೇಲೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಒಂದು ಸಲ ಗಂಟಲು ಸರಿಮಾಡಿಕೊಂಡ ಸದ್ದು. ತಕ್ಷಣವೇ, ಅದೇ ಉಸಿರಿನಲ್ಲಿ, ಜೇನಿನಂಥ ದನಿ: "ಹಚ್ಚಹಸಿರಿನ ಹುಲ್ಲುಗಾವಲಿನಲ್ಲಿ ಗಜಗಮನದಿಂದ..."

ನನ್ನನ್ನು ಕೊಂದದ್ದು ಬೈಗುಳವಲ್ಲ. ಆ ಗಂಟಲು ಸರಿಮಾಡಿಕೊಂಡದ್ದು. ಒಂದು ಮಗುವನ್ನು ಹಾಗೆ ಅಟ್ಟಿ, ಎಂಜಲು ನುಂಗಿದಷ್ಟು ಹೊತ್ತಿನಲ್ಲಿ ಗಜಗಮನಕ್ಕೆ ಹೋಗಬಲ್ಲ ಆ ಮನುಷ್ಯ ಯಾರು?

ಮೊದಲ ಸಾಲಿನ ಕಡೆ ನೋಡಿದೆ. ಸರಸು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ವನಜ ಎರಡೂ ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿದ್ದಳು. ಹೆಡ್‌ಮಾಸ್ಟರು ಎದ್ದು ಬಂದು ನನ್ನ ಮಾನ ಉಳಿಸಬೇಕೆಂದೇ ಇರಬೇಕು, ಭುಜದ ಮೇಲೆ ಕೈಯಿಟ್ಟು, "ಪರವಾಯಿಲ್ಲೈ ಸಾರ್. ರೊಂಬ ನ್ಯಾಚುರಲ್ಲಾ ಇರುಂದದು" ಎಂದರು. ಬಹಳ ಸಹಜವಾಗಿತ್ತಂತೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಸಂಜೆ ಶ್ರೀಕಂಠ ನಮ್ಮ ಜಗಲಿಯ ಮೇಲೆ ಕೈಕಟ್ಟಿ ನಿಂತ. ಶೆಲ್ಲು ಮುಗಿಯುತ್ತ ಬಂದಾಗ ಟೇಪು ನಿಧಾನ ತಿರುಗುತ್ತದೆ, ದನಿ ಇಳಿದು ಭಾರವಾಗುತ್ತದೆ. ಪಾಠದ ಟೇಪಿನಿಂದ ತೆಗೆದ ನನ್ನ ಗದರಿಕೆ ಸಣ್ಣದರಲ್ಲಿ ಉಳಿದಿತ್ತು; ಒಂದು ದಿನ ಆಕಸ್ಮಿಕವಾಗಿ ಅದನ್ನು ಹಾಗೆ ಕೇಳಿ ಬೆಚ್ಚಿಬಿದ್ದು, ಆ ಸಾಯುವ ಶೆಲ್ಲುಗಳನ್ನೇ ಅವನು ಜೋಪಾನ ಮಾಡಿಟ್ಟುಕೊಂಡಿದ್ದನಂತೆ. "ತಪ್ಪಾಯ್ತು ಸಾರ್. ನಿಮಗೆ ಹೇಳ್ಬೇಕು ಅಂತ ನಾಲ್ಕು ಸಲ ಬಂದೆ. ಬಾಗಿಲ ತನಕ ಬಂದು ವಾಪಸ್ ಹೋದೆ."

"ಯಾಕ್ರೀ ವಾಪಸ್ ಹೋದ್ರಿ?"

ಅವನು ನೆಲ ನೋಡಿದ. "ಧೈರ್ಯ ಸಾಲಲಿಲ್ಲ ಸಾರ್."

ಮೂವತ್ತು ವರ್ಷದ ಇಂಜಿನಿಯರು. ಎಂಥೆಂಥ ಯಂತ್ರಗಳಿಗೆ ಕೈಹಾಕುವವನು. ನನಗೆ ಮತ್ತೊಂದು ಏಟು ಬಿದ್ದಂತಾಯಿತು.

ಒಳಗೆ ಹೋದೆ. ಸರಸು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಸರಸೂ, ನಾನು ಹಂಗೇ ಕೂಗ್ತೀನಾ?" ಎಂದು ಕೇಳಿದೆ.

ಅವಳು ಒಂದು ಕಲ್ಲನ್ನು ಹೆಕ್ಕಿ ಆಚೆಗೆ ಹಾಕಿದಳು. "ಇಲ್ಲಾರೀ. ಅವತ್ತು ಸ್ವಲ್ಪ ಕಮ್ಮೀನೇ. ಮಿಷೀನು ಐತೆ ಅಂತ ಹಿಡ್ಕಂಡಿದ್ರಿ."

ಅವಳು ಚುಚ್ಚಲು ಹೇಳಿದ್ದಲ್ಲ. ಕೇಳಿದ್ದಕ್ಕೆ ಲೆಕ್ಕ ಒಪ್ಪಿಸಿದ್ದಳು, ಅಷ್ಟೇ. ಹದಿನೇಳು ವರ್ಷ ಈಕೆ ಇದನ್ನು ಹವಾಮಾನದ ಹಾಗೆ ಸಹಿಸಿಕೊಂಡಿದ್ದಾಳೆ. ಗುಡುಗು ಬಂದಾಗ ಒಣಗಿದ ಬಟ್ಟೆ ಒಳಗೆ ತೆಗೆದುಕೊಂಡಿದ್ದಾಳೆ, ನಿಂತ ಮೇಲೆ ಮತ್ತೆ ಹರವಿದ್ದಾಳೆ. ಊರಿಗೆಲ್ಲ ಗೊತ್ತಿದ್ದ ಒಂದು ಸಂಗತಿ ನನಗೊಬ್ಬನಿಗೆ ಗೊತ್ತಿರಲಿಲ್ಲ. ಹಾಲಿನಲ್ಲಿ ಅಷ್ಟು ಜನರಲ್ಲಿ ಆ ದನಿ ಕೇಳಿ ಆಶ್ಚರ್ಯಪಟ್ಟವನು ನಾನೊಬ್ಬನೇ.

ವನಜ ಹಿತ್ತಿಲ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಹೋಗಿ ಕುಳಿತೆ. ತಪ್ಪಾಯಿತು ಎಂಬ ಪದದ ಮೇಲೆ ನಾನು ಒಂದು ಪೀರಿಯಡ್ ಪಾಠ ಮಾಡಬಲ್ಲೆ. ಅದನ್ನು ಬಾಯಲ್ಲಿ ತರಲು ಆಗಲಿಲ್ಲ. ಬೇರೆ ದಾರಿಯಿಂದ ಬಂದೆ.

"ಹುಲ್ಲು ಇರ್ಲಿಲ್ವಾ ಆವಾಗ?"

ಅವಳು ನನ್ನ ಮುಖ ನೋಡಿದಳು. ಇದು ಯಾವ ದನಿ, ಇದರ ಹಿಂದೆ ಏನು ಬರುತ್ತದೆ ಎಂದು ಅಳೆಯುತ್ತಿದ್ದಾಳೆಂದು ನನಗೆ ಕಂಡಿತು. ಆಮೇಲೆ ಒಳಗೆ ಹೋಗಿ ಪುಸ್ತಕ ತಂದು, ಪೆನ್ಸಿಲ್ ಗೆರೆಯಿದ್ದ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡು. ಹುಲ್ಲು ಆಮೇಲ್ ಬಂದಿದ್ದಂತೆ. ಶ್ರೀಕಂಠ ಮಾಮನೂ ಹೌದು ಅಂದ್ರು."

ಓದಿದೆ. ಅವಳದೇ ಸರಿ. ಅಷ್ಟು ಜನರ ಮುಂದೆ ನನ್ನ ಜೇನಿನಂಥ ದನಿ ಹೇಳಿದ್ದು ತಪ್ಪು, ಕಿರುಬೆರಳಿನಷ್ಟು ದನಿ ಹೇಳಿದ್ದು ಸರಿ.

"ನಿಂಗೆ ನನ್ ಕಂಡ್ರೆ ಭಯಾನಾ?"

ಅವಳು ಕಂಪ್ಯೂಟರಿನ ಪ್ರಶ್ನೆಗೆ ಉತ್ತರ ಹುಡುಕುವ ಹಾಗೆ ತುಸು ಹೊತ್ತು ಯೋಚಿಸಿದಳು. "ಯಾವಾಗ್ಲೂ ಇಲ್ಲ. ನೀನು ಚಪ್ಲಿ ಬಿಡೋ ಸದ್ದು ಕೇಳ್ತೀನಿ. ಎರಡೂ ಒಟ್ಟಿಗೆ ಬಿದ್ರೆ ಇಲ್ಲೇ ಇರ್ತೀನಿ. ಒಂದು ದೂರಕ್ ಬಿದ್ರೆ ಹಿತ್ಲಿಗ್ ಬತ್ತೀನಿ."

ಮೇಷ್ಟ್ರಾಗಿ ಎಷ್ಟೋ ಉತ್ತರ ಪತ್ರಿಕೆ ತಿದ್ದಿದ್ದೇನೆ. ಇಷ್ಟು ಸ್ಪಷ್ಟವಾದ, ಇಷ್ಟು ಶ್ರದ್ಧೆಯಿಂದ ಕಲಿತ ಉತ್ತರವನ್ನು ಕಂಡಿಲ್ಲ. ಹತ್ತು ವರ್ಷದ ಮಗು ಮನೆಯಲ್ಲಿ ಕಲಿತ ಮೊದಲ ವಿಜ್ಞಾನ ಅದು: ಅಪ್ಪನ ಚಪ್ಪಲಿಯ ಶಬ್ದಶಾಸ್ತ್ರ. ಅವಳು ಪುಸ್ತಕದ ಪುಟ ತಿರುಗಿಸಿ, "ಇದ್ರಾಗೆ ಇನ್ನೂ ಮೂರು ತಪ್ಪೈತೆ ನೀನು ಬರ್ದಿದ್ದು. ಹೇಳ್ಲಾ?" ಎಂದಳು.

"ಹೇಳು" ಎಂದೆ. ನಾಲ್ಕಿದ್ದವು.

ಆ ಘರ್ಜನೆಯನ್ನು ಶ್ರೀಕಂಠ ನನ್ನೆದುರಿಗೇ ಅಳಿಸಿದ. ಬೇರೊಂದು ಸದ್ದು ಹುಡುಕೋಣವೇ ಎಂದಾಗ ಬೇಡವೆಂದೆ. "ಅಸಲಿಗೆ ಅವು ಹೆಂಗೆ ಕೂಗ್ತಿದ್ವು ಅಂತ ಯಾರಿಗೂ ಗೊತ್ತಿಲ್ಲ ಸಾರ್. ಮೂಳೆ ಕಲ್ಲಾಗಿ ಉಳಿಯುತ್ತೆ, ದನಿ ಉಳಿಯಲ್ಲ" ಎಂದ ಅವನು. ನನಗೆ ಆ ಪ್ರಾಣಿಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅದು ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಏನೆಲ್ಲ ಕೂಗಿತ್ತೋ, ಎಲ್ಲ ಗಾಳಿಯಲ್ಲಿ ಹೋಯಿತು. ಹಲ್ಲೊಂದು ಉಳಿದು ಹೆಸರು ಬಂತು. ಮುಂದೆ ಕೆಲಮಂಗಲದಲ್ಲೂ ಗುಮ್ಮಳಾಪುರದ ಸ್ಕೂಲಿನಲ್ಲೂ ತೋರಿಸಿದಾಗ ಟೈರನೋಸಾರಸ್ ಸುಮ್ಮನೆ ಬಾಯಿ ತೆರೆಯುತ್ತಿತ್ತು. ಮಕ್ಕಳೇ ಅದರ ಪರವಾಗಿ ಕೂಗಿಕೊಳ್ಳುತ್ತಿದ್ದರು. ಹೆಂಚು ಹಾರುವಂತೆ ಕೂಗುತ್ತಿದ್ದರು.

ಆದರೆ ಅದಕ್ಕೆಲ್ಲ ಮುಂಚೆ ಪಾಠವನ್ನು ತಿದ್ದಿ ಎರಡನೆಯ ಸಲ ರೆಕಾರ್ಡ್ ಮಾಡಿದೆವಲ್ಲ, ಆ ದಿನದ ಮಾತೊಂದಿದೆ. ಅದೇ ಒಳಕೋಣೆ, ಅದೇ ರಜಾಯಿ. ಈ ಸಲ ವನಜ ಪುಸ್ತಕ ಹಿಡಿದು ನನ್ನ ಪಕ್ಕದಲ್ಲೇ ಕುಳಿತಿದ್ದಳು. ತಪ್ಪು ಬಂದರೆ ಕೈಯೆತ್ತಬೇಕೆಂದು ನಾನೇ ಹೇಳಿದ್ದೆ. ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ಸರಸು ಹುಳಿಯ ಪಾತ್ರೆಯಲ್ಲಿ ಸೌಟು ಆಡಿಸುವ ಸದ್ದು ಕೇಳುತ್ತಿತ್ತು. ಬಂದರೆ ಬರಲಿ ಎಂದು ಬಿಟ್ಟಿದ್ದೆವು. "ಆ ದೈತ್ಯ ಪ್ರಾಣಿಗಳು" ಎಂದು ಶುರು ಮಾಡಿದ್ದೆನಷ್ಟೆ, ಅವಳ ಕೈ ಮೇಲೆ ಹೋಯಿತು.

"ಅಣ್ಣ, ತಪ್ಪು. ಅದು ಧೈತ್ಯ. ಹೊಟ್ಟೆ ಸೀಳ್ಬೇಕು. ಧೈರ್ಯಕ್ಕೆ ಸೀಳಲ್ವಾ, ಹಂಗೇ."

ಹುಲ್ಲಿನ ವಿಷಯ ಬೇರೆ. ಕೋಟಿ ವರ್ಷಗಳ ವಿಷಯದಲ್ಲಿ ಯಾರು ತಿದ್ದಿದರೂ ತಲೆ ಬಾಗಿಸಿಯೇನು. ಆದರೆ ಇದು ಕನ್ನಡ. ಅಲ್ಪಪ್ರಾಣ, ಮಹಾಪ್ರಾಣ. ಅಪ್ಪಟ ನನ್ನ ಹೊಲಕ್ಕೇ ಬಂದು, ಅದೂ ತಪ್ಪಾಗಿ, ನನ್ನನ್ನು ತಿದ್ದುತ್ತಿದ್ದಾಳೆ! ಹೊಟ್ಟೆಯ ತಳದಿಂದ ಏನೋ ಎದ್ದು ಎದೆಗೆ ಬಂತು, ಗಂಟಲಿಗೆ ಬಂತು. ಬಾಯಿ ತೆರೆದೇಬಿಟ್ಟೆ. ಶ್ರೀಕಂಠ ರೆಕಾರ್ಡರಿನ ಮೇಲೆ ಬೆರಳಿಟ್ಟವನು ಹಾಗೇ ಕಲ್ಲಾದ. ಅಡುಗೆಮನೆಯಲ್ಲಿ ಸೌಟು ನಿಂತಿತು. ಮನೆಯೆಲ್ಲ ಕಿವಿಯಾಯಿತು. ವನಜ ಮಾತ್ರ ಎತ್ತಿದ ಕೈಯನ್ನು ಇಳಿಸಲಿಲ್ಲ.

"ಹೌದೇನಮ್ಮ?" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು, ಅಷ್ಟೇನೂ ಚೆನ್ನಾಗಿರಲಿಲ್ಲ, ತುಸು ಒಡೆದಿತ್ತು ಕೂಡ. "ಬಾ, ನಿಘಂಟು ನೋಡೋಣ."

ಅಡುಗೆಮನೆಯಲ್ಲಿ ಸೌಟು ಮತ್ತೆ ಆಡತೊಡಗಿತು.